ಹೊಳೆದಂಡೆಗೆ ತೆಲುಗು ಬೋರ್ಡೂ ಬೇಕು

ಕರ್ನಾಟಕದ ಹೊಳೆದಂಡೆಗಳಲ್ಲಿ ಕನ್ನಡದ ಜೊತೆಗೆ ತೆಲುಗಿನಲ್ಲೂ ಎಚ್ಚರಿಕೆಯ ಬೋರ್ಡು ಹಾಕಿರಿ ಅಂತ ಗಡಿಯಾಚೆಯ ಕನ್ನಡಿಗನೊಬ್ಬ ಕೇಳಿದರೆ ಈ ಪುಟದ ಓದುಗರಿಗೆ ವಿಚಿತ್ರ ಅನಿಸಬಹುದು. ಆದವಾನಿ ಸೀಮೆಯ ನಾವು ಇಷ್ಟು ವರ್ಷ ಕೇಳಿಕೊಂಡು ಬಂದದ್ದು ಇದಕ್ಕೆ ತಿರುಗಾಮುರುಗಾ. ನಮ್ಮೂರ ಬಸ್ಸಿನ ಹಣೆ ಮೇಲೆ, ಶಾಲೆಯ ಗೋಡೆ ಮೇಲೆ, ರೇಷನ್ ಅಂಗಡಿ ಮುಂದೆ ಎರಡು ಸಾಲು ಕನ್ನಡ ಬರೆಸ್ರಪ್ಪಾ ಅಂತ ಅರ್ಜಿ ಬರೆದು ಬರೆದು ಕೈ ಸವೆದಿದೆ. ಅಂಥವನು ಈಗ ತೆಲುಗು ಬೋರ್ಡು ಕೇಳ್ತಾನಂದ್ರೆ ಇವನಿಗೇನಾಯ್ತು ಅನ್ನುವವರು ಅನ್ನಲಿ. ನನ್ನ ಮಾತು ನೀರಿನದು, ನೀರಿನಲ್ಲಿ ಆಟ ಆಡಲು ಬರುವ ಹುಡುಗರದು.

2025ರ ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಹಂಪಿ ಕಡೆ ಬಂದಿದ್ದ ಯುವತಿಯೊಬ್ಬಳು ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ ಬಂಡೆ ಮೇಲಿಂದ ತುಂಗಭದ್ರೆಗೆ ಹಾರಿದಳು. ಸೆಳವು ಎಳೆದುಕೊಂಡು ಹೋಯಿತು. ದೇಹ ಸಿಕ್ಕಿದ್ದು ಮರುದಿನ. ಎರಡೂ ಭಾಷೆಯ ಪತ್ರಿಕೆಗಳಲ್ಲಿ ಬಂತು, ನಾಲ್ಕು ದಿನ ಮಂದಿ ಮಾತಾಡಿದರು, ಬಿಟ್ಟರು. ಅದು ಯಾರ ತಪ್ಪು ಅಂತ ಪಂಚಾಯ್ತಿ ಮಾಡೋದಕ್ಕೆ ನಾನು ಕೂತಿಲ್ಲ. ಮಗಳನ್ನು ಕಳಕೊಂಡ ಮನೆಯವರಿಗೆ ಬುದ್ಧಿ ಹೇಳುವುದು ಸಭ್ಯರ ಕೆಲಸವೂ ಅಲ್ಲ. ಆದರೆ ಆ ಕಡೆ ಶನಿವಾರ ಭಾನುವಾರ ಹೋಗಿ ನಿಂತು ಕೇಳ್ರಿ. ಹರಿಗೋಲು ಸವಾರಿಗೆ, ಬಂಡೆಯಿಂದ ಹಾರೋದಕ್ಕೆ, ಈಜೋದಕ್ಕೆ ಬಂದವರಲ್ಲಿ ಹೈದರಾಬಾದಿನವರು, ಕರ್ನೂಲಿನವರು, ಅನಂತಪುರದವರು ಎಷ್ಟು ಮಂದಿ! ಕಿವಿಗೆ ಕನ್ನಡದಷ್ಟೇ ತೆಲುಗು ಬೀಳ್ತದೆ. ದಂಡೆ ಮೇಲಿನ ಎಚ್ಚರಿಕೆಯ ಮಾತು ಮಾತ್ರ ಎಷ್ಟೋ ಕಡೆ ಕನ್ನಡದಲ್ಲಿ ಇರ್ತದೆ, ಇಲ್ಲಾಂದ್ರೆ ಇಂಗ್ಲಿಷಿನಲ್ಲಿ. ನಾನು ಎಸ್ಸೆಸ್ಸೆಲ್ಸಿ ಓದಿದವನು. ಇಂಗ್ಲಿಷ್ ಬೋರ್ಡನ್ನು ಕೂಡಿಸಿ ಓದುವಷ್ಟರಲ್ಲಿ ಹುಡುಗ ಅಂಗಿ ಬಿಚ್ಚಿ ಹಾರಿರ್ತಾನೆ.

ಎರಡು ಭಾಷೆಯಲ್ಲಿ ಪದ್ಯ ಕಟ್ಟುವವನಿಗೆ ಮಾತಿನ ಮೋಸ ಚೆನ್ನಾಗಿ ಗೊತ್ತು. ನಮ್ಮ ‘ಆಳ’ ಅವರಿಗೆ ‘ಲೋತು’. ನಮ್ಮ ‘ಸೆಳವು’ ಅನ್ನೋದನ್ನ ಅವರು ‘ನೀಳ್ಳು ಗುಂಜುತಾಯಿ’ ಅಂತಾರೆ, ಅಂದರೆ ನೀರು ಎಳೀತದೆ ಅಂತ. ನಮ್ಮ ‘ಸುಳಿ’ ಅವರಿಗೆ ‘ಸುಡಿ’. ತೆಲುಗಿನವನು ಗಾಬರಿಯಿಂದ ‘ಸುಡಿ, ಸುಡಿ’ ಅಂತ ಕೂಗಿದರೆ ಕನ್ನಡದವನು ಏನನ್ನ ಸುಡಬೇಕೋ ಅಂತ ಸುತ್ತ ನೋಡ್ತಾನೆ. ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು, ‘ಬೇಡ’. ತೆಲುಗಿನಲ್ಲಿ ಅದು ‘ಒದ್ದು’. ಕನ್ನಡದ ಕಿವಿಗೆ ಒದೆ ಬಿದ್ದಂತೆ! ಕೂತು ಹರಟುವಾಗ ಇದೆಲ್ಲ ನಗುವ ಸಂಗತಿ. ನೀರಿನ ಸದ್ದಿನಲ್ಲಿ, ನೂರು ಗಜ ದೂರದಿಂದ ಅಂಬಿಗ ಕೂಗಿ ಹೇಳುವಾಗ ಅಲ್ಲ.

ಮೊದಲು ಹಾರುವ ಆಟದ ಮಾತೇ ಹೇಳ್ತೀನಿ, ಯಾಕಂದ್ರೆ ಅದಕ್ಕೆ ಟಿಕೆಟ್ಟಿಲ್ಲ, ಗೈಡ್ ಇಲ್ಲ, ಜಾಕೆಟ್ಟಿಲ್ಲ. ಬಂಡೆ ಇದೆ, ನೀರಿದೆ, ಜೊತೆಯವರ ಚಪ್ಪಾಳೆ ಇದೆ. 25 ಅಡಿ ಎತ್ತರದಿಂದ ಬಿದ್ದವನು ನೀರನ್ನು ಮುಟ್ಟುವಾಗ ವೇಗ ಗಂಟೆಗೆ ಸುಮಾರು 44 ಕಿಲೋಮೀಟರ್. ಆ ವೇಗದಲ್ಲಿ ನೀರು ಮೆತ್ತಗಿರೋದಿಲ್ಲ. ಎದೆಯೋ ಬೆನ್ನೋ ಅಡ್ಡ ಬಿದ್ದರೆ ಉಸಿರು ಕಟ್ಟುತ್ತದೆ, ಎಷ್ಟು ಈಜು ಬಂದರೂ ಎರಡು ಕ್ಷಣ ಕೈಕಾಲು ಆಡೋದಿಲ್ಲ. ನಿಂತ ಕೆರೆಯಲ್ಲಿ ಆ ಎರಡು ಕ್ಷಣಕ್ಕೆ ಕ್ಷಮೆ ಇದೆ. ಹರಿಯುವ ಹೊಳೆಯಲ್ಲಿ ಅಷ್ಟರೊಳಗೆ ನೀರು ನಿಮ್ಮನ್ನು ಬಂಡೆಗಳ ಸಂದಿಗೆ ಒಯ್ದಿರ್ತದೆ. ಹಂಪಿ, ಆನೆಗೊಂದಿ, ಸಾಣಾಪುರದ ಉದ್ದಕ್ಕೂ ತುಂಗಭದ್ರೆ ಬಂಡೆಗಳ ನಡುವೆಯೇ ಹರಿಯೋದು. ಬಂಡೆ ಕೆಳಗೆ ನೀರು ಕೊರೆದ ಪೊಟರೆಗಳಲ್ಲಿ ನೀರು ಒಳಗೆ ಹೋಗಿ ಆ ಕಡೆಯಿಂದ ಹೊರಗೆ ಬರ್ತದೆ. ಮನುಷ್ಯ ಒಳಗೆ ಹೋದರೆ ಬರೋದಿಲ್ಲ. ಮೇಲೆ ನೋಡಿದರೆ ನೀರು ಕನ್ನಡಿಯಂತೆ ಸಪಾಟು.

ನಾವೂ ಹುಡುಗರಾಗಿದ್ದಾಗ ಹಾರಿದವರೇ. ಮಂತ್ರಾಲಯದ ಮೇಲಕ್ಕೆ ನಮ್ಮ ಊರ ರೇವಿನಲ್ಲಿ ಒಂದು ಗುಂಡು ಇದೆ, ಅಲ್ಲಿಂದ ಹಾರದವನು ಗಂಡಸೇ ಅಲ್ಲ ಅಂತ ಲೆಕ್ಕ ಇತ್ತು. ಆದರೆ ಅದಕ್ಕೊಂದು ಕಟ್ಟಳೆಯೂ ಇತ್ತು. ಮಳೆಗಾಲದ ನೆರೆ ಇಳಿದ ಮೇಲೆ ಅಂಬಿಗರ ತಾತ ಮೊದಲು ಕೆಳಗಿನಿಂದ ನೀರಿಗಿಳಿದು ಕಾಲಿನಲ್ಲಿ ಮುಟ್ಟಿ ಮುಟ್ಟಿ ನೋಡ್ತಿದ್ದ. ನೆರೆ ಬಂದಾಗ ಮರಳು ಜರುಗ್ತದೆ, ಗುಂಡು ಉರುಳ್ತದೆ. ಹೋದ ವರ್ಷದ ಮಡು ಈ ವರ್ಷ ಮಡು ಅಲ್ಲ. ಆಮೇಲೆ ಒಂದು ಹಿಡಿ ಒಣಹುಲ್ಲು ಎಸೆಯುತ್ತಿದ್ದ. ಹುಲ್ಲು ಎಲ್ಲಿಗೆ ಹೋಯ್ತು, ಎಲ್ಲಿ ತಿರುಗ್ತು, ಎಲ್ಲಿ ಹೊರಗೆ ಬಂತು ಅಂತ ನಾವೆಲ್ಲ ಕೂತು ನೋಡಬೇಕು. ಹೊರಗೆ ಬಾರದಿದ್ದರೆ ಆ ವರ್ಷ ಆ ಜಾಗ ಬಂದ್. ತಾತ ಬೇಡ ಅಂದ ಮೇಲೆ ಗೌಡರ ಮಗನೂ ಹಾರುವಂತಿಲ್ಲ. ಹಾರಿದವನಿಗೆ ನೀರಿನಿಂದ ಪೆಟ್ಟಾಗದಿದ್ದರೂ ತಾತನ ಹುಟ್ಟಿನಿಂದ ಆಗ್ತಿತ್ತು.

ಈಗ ಬರುವ ಹುಡುಗನಿಗೆ ಆ ತಾತ ಇಲ್ಲ. ಮೊಬೈಲಿನಲ್ಲಿ ಇನ್ಯಾರೋ ಹಾರಿದ್ದನ್ನ ನೋಡಿ ಬಂದಿರ್ತಾನೆ. ಅವನು ಯಾವ ತಿಂಗಳು ಹಾರಿದ, ಅಣೆಕಟ್ಟಿನಿಂದ ಆ ದಿನ ಎಷ್ಟು ನೀರು ಬಿಟ್ಟಿದ್ದರು, ಅದು ಆ ಚಿತ್ರದಲ್ಲಿ ಇರೋದಿಲ್ಲ. ಇಲ್ಲಿ ಒಂದು ಲೆಕ್ಕ ತಿಳಿದಿರಲಿ: ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗ್ತದೆ. ನಿನ್ನೆ ಮೊಣಕಾಲು ನೀರಿನಲ್ಲಿ ನಿಂತವನು ಇವತ್ತು ಅದೇ ಮೊಣಕಾಲು ನೀರಿನಲ್ಲಿ ನಿಲ್ಲಲಾರ.

ಅಣೆಕಟ್ಟಿನ ಕೆಳಗಿನ ಹೊಳೆ ಮಳೆಯನ್ನು ಕೇಳಿ ಏರೋದಿಲ್ಲ, ಗೇಟನ್ನು ಕೇಳಿ ಏರ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ ಆ ಒಂದು ಬಾಯಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹೊರಬಿತ್ತು. ರೈತನ ಲೆಕ್ಕದಲ್ಲಿ ಹೇಳೋದಾದರೆ ಸೆಕೆಂಡಿಗೆ ಹತ್ತು ಲಕ್ಷ ಲೀಟರಿನ ಹತ್ತಿರ. ನಾವು ದಂಡೆಯವರು ಆ ರಾತ್ರಿ ಪಂಪುಸೆಟ್ಟು ಬಿಚ್ಚಿಕೊಂಡು ಮೇಲಕ್ಕೆ ಓಡಿದೆವು. ಅದು ಅಪರೂಪದ್ದು, ಬಿಡಿ. ಆದರೆ ದಿನನಿತ್ಯದ ನೀರು ಬಿಡುವುದರಲ್ಲೂ ಅಪಾಯ ಇದೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯೊಳಗೆ ಇಳಿದಿದ್ದ ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜಿನ 24 ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಅವರು ಯಾವ ಸಾಹಸಕ್ಕೂ ಹೋದವರಲ್ಲ, ಬಂಡೆ ಮೇಲೆ ನಿಂತು ಫೋಟೋ ತೆಗೀತಿದ್ದವರು. ಸೈರನ್ನಿಗೆ ಭಾಷೆ ಇಲ್ಲ ಅಂತಾರೆ. ಇದೆ. ಊದಿದರೆ ಏನರ್ಥ, ಎಷ್ಟು ಹೊತ್ತಿನಲ್ಲಿ ನೀರು ಬರ್ತದೆ, ಯಾವ ಕಡೆ ಹತ್ತಬೇಕು ಅಂತ ಮೊದಲೇ ತಿಳಿದವನಿಗೆ ಮಾತ್ರ ಅದು ಸೈರನ್. ಉಳಿದವರಿಗೆ ಅದು ಯಾವುದೋ ಗಿರಣಿಯ ಕೂಗು.

ಹರಿಗೋಲಿನ ಮಾತಿಗೆ ಬರ್ತೀನಿ. ನಮ್ಮ ತೆಲುಗು ನೆಂಟರು ಇದನ್ನ ಪುಟ್ಟಿ ಅಂತಾರೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹೊಳೆ ದಾಟಿಸುವ ಈ ಬುಟ್ಟಿಯಂಥ ದೋಣಿಯ ಬಗ್ಗೆ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಮಂದಿ ಹಿಡೀತಿದ್ದರಂತೆ, ನೆಟ್ಟಗೆ ಹೋಗದೆ ತಿರುಗ್ತಾ ತಿರುಗ್ತಾ ಹೋಗ್ತಿತ್ತಂತೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ತಿರುಗೋದು ಮಾತ್ರ ಹಾಗೇ ಇದೆ. ಆಗ ಅದು ಅಂಬಿಗನಿಗೆ ತಲೆನೋವು, ಈಗ ಅದೇ ಆಟ. ಗಿರಗಿರ ತಿರುಗಿಸು ಅಂತ ಮಂದಿ ದುಡ್ಡು ಕೊಡ್ತಾರೆ.

ತಿರುಗಿಸಲಿ, ನನ್ನ ತಕರಾರಿಲ್ಲ. ಹರಿಗೋಲು ಬಡವನ ದೋಣಿಯಾದರೂ ಬುದ್ಧಿವಂತ ದೋಣಿ. ಅಡಿ ಚಪ್ಪಟೆ, ನೀರಿನಲ್ಲಿ ಹೆಚ್ಚು ಮುಳುಗೋದಿಲ್ಲ, ಬಂಡೆ ಮೇಲೆ ಜಾರಿ ಹೋಗ್ತದೆ. ಅದು ಮಗುಚಿಕೊಳ್ಳೋದು ಮಂದಿಯಿಂದ. ಒಬ್ಬ ಎದ್ದು ನಿಲ್ತಾನೆ, ಫೋಟೋಗೆ ಅಂತ ಎಲ್ಲರೂ ಒಂದೇ ಕಡೆಗೆ ವಾಲ್ತಾರೆ, ಅಂಚು ನೀರಿಗೆ ತಾಗ್ತದೆ, ಮುಗೀತು. 2015ರಲ್ಲಿ ಹೊಗೇನಕಲ್ಲಿನಲ್ಲಿ ಹರಿಗೋಲು ಮಗುಚಿ ಒಂದೇ ಕುಟುಂಬದ ಆರು ಮಂದಿ ಹೋದರು. ಅಂಬಿಗನಿಗೆ ಇದೆಲ್ಲ ಗೊತ್ತಿಲ್ಲ ಅಂದುಕೊಳ್ಳಬೇಡಿ. ‘ಕೂತ್ಕೊಳ್ರೀ’ ಅಂತ ಅವನು ಅಂತಾನೆ. ಕೇಳುವವನಿಗೆ ಕನ್ನಡ ಬಾರದು. ಬಂದರೂ ದುಡ್ಡು ಕೊಟ್ಟವನು ನಾನು ಅನ್ನುವ ಸೊಕ್ಕು. ಮತ್ತೂ ಒಂದು ಸಂಗತಿ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಇವತ್ತು ನೀರು ಸರಿಯಿಲ್ಲ ಅಂತ ಅಂಬಿಗ ಹೇಳಿದರೆ ಅವನ ಮನೆಯಲ್ಲಿ ಅವತ್ತು ಒಲೆ ಹೊತ್ತೋದಿಲ್ಲ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹಂಪಿ ಕಡೆ ದೋಣಿ ನಿಲ್ಲಿಸ್ತಾರೆ, ಸರಿ, ಅದು ಸರ್ಕಾರದ ಹುಕುಂ. ಹುಕುಂ ಇಲ್ಲದ ದಿನ, ಹೊಳೆ ಬಣ್ಣ ನೋಡಿ ಒಲ್ಲೆ ಅನ್ನುವವನಿಗೆ ಯಾರು ಕೂಲಿ ಕೊಡ್ತಾರೆ? ಪ್ರವಾಸೋದ್ಯಮದಿಂದ ಬರುವ ಆದಾಯದಲ್ಲಿ ನೀರು ಕೆಟ್ಟ ದಿನಗಳಿಗೆ ಅಂಬಿಗರಿಗೆ ಇಷ್ಟು ಅಂತ ಕೊಡುವ ಏರ್ಪಾಡು ಆಗಬೇಕು. ಹರಿಗೋಲಿನ ಹೊರಮೈ ಮೇಲೆ ಎಷ್ಟು ಮಂದಿ ಅಂತ ಬಣ್ಣದಲ್ಲಿ ಅಂಕಿ ಬರೆಯಬೇಕು. ಅಂಕಿಗೆ ಭಾಷೆ ಬೇಕಿಲ್ಲ, ದಂಡೆ ಮೇಲೆ ನಿಂತ ಮಗುವೂ ಎಣಿಸಿ ಹೇಳ್ತದೆ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಕರ್ನಾಟಕದ್ದೇ ಜನರಲ್ ತಿಮ್ಮಯ್ಯ ಅಕಾಡೆಮಿ ಇದೆ. ಅಂಬಿಗರ ಹುಡುಗರನ್ನು ಅಲ್ಲಿಗೆ ಕಳಿಸಿ ಕಲಿಸಲಿ, ಅಲ್ಲಿಯವರು ಇವರಿಂದ ಹೊಳೆ ಓದೋದನ್ನ ಕಲಿಯಲಿ.

ರ‍್ಯಾಫ್ಟಿಂಗ್ ಅನ್ನೋದು ದಾಂಡೇಲಿ ಸೀಮೆಯ ಕಾಳಿ ಹೊಳೆಯಲ್ಲಿ ಹೆಸರಾದ ಆಟ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ನೊರೆನೀರಿನ ಮೇಲೆ ಇಳಿದು ಹೋಗೋದು. ನೊರೆನೀರಿಗೆ ಒಂದರಿಂದ ಆರರವರೆಗೆ ದರ್ಜೆ ಇದೆ. ಎರಡು ಮೂರರ ತನಕ ಹೊಸಬರು ಗೈಡ್ ಜೊತೆ ಹೋಗಬಹುದು, ಆರು ಅಂದರೆ ಪ್ರಾಣದ ಮೇಲಿನ ಆಸೆ ಬಿಟ್ಟವರಿಗೆ. ಅಲ್ಲಿಯೂ ಅಣೆಕಟ್ಟಿನ ನೀರು ಬಿಟ್ಟಂತೆ ಆಟ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಹತ್ತಿರ ಅಳತೆಗಿಂತ ಹೆಚ್ಚು ಮಂದಿ ತುಂಬಿದ್ದ ರ‍್ಯಾಫ್ಟ್ ನೀರಿನ ಸೆಳೆತಕ್ಕೆ ಸಿಕ್ಕಿ, ಬೇರೆಯವರು ಬಂದು ಉಳಿಸಿದರು. ಜೀವ ಹೋಗಲಿಲ್ಲ. ಜಿಲ್ಲಾಡಳಿತ ಸ್ವಲ್ಪ ಕಾಲ ಜಲಕ್ರೀಡೆಗಳನ್ನೇ ನಿಲ್ಲಿಸಿತು.

ನನ್ನ ಅಕ್ಕನ ಮಗ ಆದವಾನಿಯ ಗೆಳೆಯರ ಜೊತೆ ಇಂಥ ಒಂದು ಕಡೆ ಹೋಗಿ ಬಂದ. ಎಲ್ಲಿ ಅಂತ ಹೆಸರು ಬೇಡ. ಬಂದವನು, ‘ಮಾವಾ, ಗೈಡು ಗೆಟ್ ಡೌನ್ ಅಂತ ಕೂಗಿದ, ನಮ್ಮವನೊಬ್ಬ ಎದ್ದು ನಿಂತುಬಿಟ್ಟ’ ಅಂದ. ನನಗೆ ನಗು ಬಂತು, ಆಮೇಲೆ ಎದೆ ಧಸಕ್ಕೆಂದಿತು. ನೋಡ್ರಿ, ರ‍್ಯಾಫ್ಟಿನಲ್ಲಿ ‘ಗೆಟ್ ಡೌನ್’ ಅಂದರೆ ಅಂಚಿನಿಂದ ಇಳಿದು ದೋಣಿಯ ಒಳಗೆ ಮುದುರಿ ಕೂಡು ಅಂತ ಅರ್ಥ. ದೊಡ್ಡ ಅಲೆ ಬರುವಾಗ ಹೇಳುವ ಮಾತು. ನಮ್ಮ ಹಳ್ಳಿಯ ಹುಡುಗನಿಗೆ ‘ಗೆಟ್ ಡೌನ್’ ಕಲಿಸಿದವನು ಬಸ್ ಕಂಡಕ್ಟರ್. ಅವನು ಇಳಿಯಲು ಎದ್ದ! ಪುಣ್ಯಕ್ಕೆ ಪಕ್ಕದವನು ಜಾಕೆಟ್ ಹಿಡಿದು ಎಳೆದು ಕೂಡಿಸಿದನಂತೆ. ಹೊರಡುವ ಮುಂಚೆ ದಂಡೆಯಲ್ಲಿ ಐದು ನಿಮಿಷ, ಕೂತವರ ಭಾಷೆಯಲ್ಲಿ, ಒಂದೊಂದು ಮಾತಿನ ಅರ್ಥ ಹೇಳಿ, ಅವರ ಕೈಲಿ ಮಾಡಿಸಿ ನೋಡಿದರೆ ಏನು ಗಂಟು ಹೋಗ್ತದೆ? ‘ಒಳಗೆ ಕೂಡು’, ‘ಲೋಪಲ ಕೂರ್ಚೋ’, ಮುಗೀತು.

ಆ ಐದು ನಿಮಿಷದಲ್ಲಿ ಹೇಳಲೇಬೇಕಾದದ್ದು ಒಂದಿದೆ, ಯಾಕಂದ್ರೆ ಅದು ಮನುಷ್ಯನ ಸ್ವಭಾವಕ್ಕೆ ವಿರುದ್ಧ. ದೋಣಿಯಿಂದ ಬಿದ್ದವನು ಮೊದಲು ಮಾಡೋದು ನಿಲ್ಲೋಕೆ ಹೋಗೋದು. ಓಡುವ ನೀರಿನಲ್ಲಿ ಅದೇ ಪ್ರಾಣಕ್ಕೆ ಮೂಲ. ಕಾಲು ಎರಡು ಕಲ್ಲಿನ ನಡುವೆ ಸಿಕ್ಕರೆ ನೀರು ಬೆನ್ನು ಮೇಲೆ ಕೂತು ಮುಖವನ್ನ ಅದುಮಿಬಿಡ್ತದೆ, ಸೊಂಟದಷ್ಟು ನೀರಿನಲ್ಲೂ ಏಳಲಾಗೋದಿಲ್ಲ. ಅಂಗಾತ ಮಲಗಬೇಕು, ಕಾಲು ನೀರು ಹೋಗುವ ಕಡೆಗೆ, ಕಾಲ್ಬೆರಳು ನೀರಿನ ಮೇಲೆ ಕಾಣಬೇಕು. ಬಂಡೆ ಬಂದರೆ ಕಾಲಿನಿಂದ ತಳ್ಳಿಕೊಳ್ಳಬಹುದು, ತಲೆಯಿಂದ ಆಗೋದಿಲ್ಲ. ಹಳೆಯ ಅಣೆಗಳ ಕೆಳಗಂತೂ ಆಟವೇ ಬೇಡ. ಹಂಪಿಯ ಸುತ್ತ ವಿಜಯನಗರದ ಕಾಲದ ಅಣೆಗಳಿವೆ, ನಮ್ಮ ಕಡೆ ರಾಜೋಳಿಬಂಡಾ, ಸುಂಕೇಸುಲ ಇವೆ. ಅಣೆ ಹಾಯ್ದು ಬಿದ್ದ ನೀರು ಕೆಳಗೆ ಹೊರಳಿ ಮತ್ತೆ ಅಣೆ ಕಡೆಗೇ ಬರ್ತದೆ. ಅಲ್ಲಿ ಸಿಕ್ಕ ಮರದ ದಿಮ್ಮಿ ದಿನಗಟ್ಟಲೆ ಅಲ್ಲೇ ಉರುಳ್ತಾ ಇರೋದನ್ನ ರೈತರು ನೋಡಿರ್ತೀವಿ.

ಜಾಕೆಟ್ ಬಗ್ಗೆ ಎರಡು ಮಾತು. 2019ರ ಸೆಪ್ಟೆಂಬರ್ 15ರಂದು ಗೋದಾವರಿಯಲ್ಲಿ ಪಾಪಿಕೊಂಡಲು ನೋಡಲು ಹೊರಟ ದೊಡ್ಡ ಬೋಟು ಕಚ್ಚುಲೂರಿನ ಹತ್ತಿರ ನೆರೆನೀರಿನಲ್ಲಿ ಮುಳುಗಿತು. ಬದುಕಿದವರು 26 ಮಂದಿ. ಸುತ್ತಲ ಹಳ್ಳಿಯವರು ತಮ್ಮ ದೋಣಿ ತಂದು ಎತ್ತಿದರು. ಬೋಟಿನಲ್ಲಿ ಜಾಕೆಟ್ ಇದ್ದವು, ಎಷ್ಟೋ ಮಂದಿಯ ಮೈಮೇಲೆ ಇರಲಿಲ್ಲ ಅಂತ ತೆಲುಗು ಪತ್ರಿಕೆಗಳು ಆಗ ಬರೆದವು. ಸೆಕೆಗೆ ಬಿಚ್ಚಿ ಪಕ್ಕಕ್ಕಿಟ್ಟ ಜಾಕೆಟ್ ದಿಂಬಿಗೆ ಸಮ. ಹಾಕಿಕೊಂಡರೂ ಸಡಿಲ ಇದ್ದರೆ ನೀರಿಗೆ ಬಿದ್ದ ಕೂಡಲೇ ಅದು ಮೇಲೆ ತೇಲ್ತದೆ, ನೀವು ಕೆಳಗೆ ಜಾರ್ತೀರಿ. ಎಲ್ಲ ಪಟ್ಟಿ ಬಿಗಿದ ಮೇಲೆ ಜೊತೆಯವನಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯೋಕೆ ಹೇಳ್ರಿ. ಕಿವಿ ತನಕ ಬಂದರೆ ಅದು ನಿಮ್ಮ ಅಳತೆಯದಲ್ಲ, ಬೇರೆ ಕೇಳ್ರಿ. ಕೊಡದಿದ್ದರೆ ದೋಣಿ ಹತ್ತಬೇಡ್ರಿ. ಕುಡಿದು ಬಂದವರನ್ನು ಹತ್ತಿಸಲೇಬಾರದು. ಇದರಲ್ಲಿ ಚರ್ಚೆ ಏನಿದೆ?

ದಂಡೆ ಮೇಲಿನವರಿಗೂ ಹೇಳಬೇಕು. ಒಬ್ಬ ಮುಳುಗ್ತಿದ್ದಾನೆ ಅಂತ ಹಿಂದಿನಿಂದ ಹಾರಿದ ಗೆಳೆಯ, ಅಣ್ಣ, ತಂದೆ ಎಷ್ಟು ಮಂದಿ ಜೊತೆಗೇ ಹೋಗಿದ್ದಾರೆ! ಹಗ್ಗ ಎಸೀರಿ, ಬಿದಿರು ಚಾಚ್ರಿ, ಸೀರೆ ಬಿಚ್ಚಿ ಎಸೀರಿ, ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೀರಿ. ಹೊರಗೆ ತೆಗೆದವನನ್ನು ಕೊಡದ ಮೇಲೆ ಬೋರಲು ಹಾಕಿ ಹೊಟ್ಟೆಯ ನೀರು ಕಕ್ಕಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಲ್ಲಿ ಹೋಗೋದು ಹೊತ್ತು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ ಮೊದಲು ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದಬೇಕು, ಆಮೇಲೆ ಎದೆ ನಡುವೆ 30 ಸಲ ಒತ್ತೋದು, 2 ಸಲ ಊದೋದು, ಹೀಗೇ 108 ಗಾಡಿ ಬರುವ ತನಕ. ಆ ಅಂಕಿ ಎರಡೂ ರಾಜ್ಯಕ್ಕೆ ಒಂದೇ, ಅಷ್ಟು ಮಟ್ಟಿಗೆ ಗಡಿ ಇಲ್ಲ.

ಈಗ ಮೊದಲಿನ ತಕರಾರಿಗೆ ಬರೋಣ. ಕನ್ನಡ ನೆಲದಲ್ಲಿ ತೆಲುಗು ಯಾಕೆ ಅಂತ ಒಬ್ಬ ಗೆಳೆಯರು ನನ್ನ ಮೇಲೆ ರೇಗಿದರು. ಅಂಗಡಿ ಬೋರ್ಡು, ಕಚೇರಿ ಬೋರ್ಡು, ಮೈಲಿಗಲ್ಲು ಕನ್ನಡದಲ್ಲೇ ಇರಲಿ, ದೊಡ್ಡ ಅಕ್ಷರದಲ್ಲಿ ಇರಲಿ, ಅದಕ್ಕೆ ನಾನು ಮುಂದೆ ನಿಲ್ತೀನಿ. ನೀರಿನ ಬೋರ್ಡು ನಾಡಿನ ಗುರುತಲ್ಲ, ಅದು ಒಬ್ಬ ಮನುಷ್ಯ ಇನ್ನೊಬ್ಬನ ಕೈ ಹಿಡಿದು ನಿಲ್ಲಿಸೋದು. ಕೈ ಹಿಡಿದದ್ದು ಅವನಿಗೆ ತಿಳಿಯಬೇಕಲ್ಲ? ಇದನ್ನ ನಾನು ಒಂದೇ ಕಡೆಗೆ ಹೇಳ್ತಿಲ್ಲ. ಮಂತ್ರಾಲಯದ ಸ್ನಾನಘಟ್ಟಕ್ಕೆ ಕರ್ನಾಟಕದಿಂದ ಬಸ್ಸುಗಟ್ಟಲೆ ಭಕ್ತರು ಬರ್ತಾರೆ. ಶ್ರೀಶೈಲಕ್ಕೆ ನಮ್ಮ ಉತ್ತರ ಕರ್ನಾಟಕದ ಮಂದಿ ನಡೆದುಕೊಂಡೇ ಹೋಗ್ತಾರೆ. ಅಲ್ಲಿಯ ನೀರಿನ ಅಂಚಿನಲ್ಲಿ ಕನ್ನಡ ಕಾಣಲೇಬೇಕು ಅಂತ ಆಂಧ್ರ ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ. ಹಂಪಿಯಲ್ಲಿ ತೆಲುಗು ಬರೆದ ಮೇಲೆ ಕೇಳಿದರೆ ಆ ಮಾತಿಗೆ ತೂಕ ಬರ್ತದೆ.

ಬೋರ್ಡಿನ ಮೇಲೆ ಏನು ಬರೆಯಬೇಕು ಅಂತಲೂ ಯೋಚಿಸಿದ್ದೀನಿ. ‘ಸಾರ್ವಜನಿಕರ ಗಮನಕ್ಕೆ’ ಅಂತ ಶುರುವಾದ ಬೋರ್ಡನ್ನ ಯಾವ ಹುಡುಗನೂ ಓದೋದಿಲ್ಲ. ಪದ್ಯವೂ ಬೇಡ, ನನಗೇ ಬೇಡ. ‘ಇಲ್ಲಿ ನೀರಿನ ಕೆಳಗೆ ಬಂಡೆ ಇವೆ, ಕಾಣೋದಿಲ್ಲ. ಹಾರಬೇಡಿ.’ ಅದರ ಕೆಳಗೆ ‘ಇಕ್ಕಡ ನೀಳ್ಳ ಕಿಂದ ಬಂಡಲುನ್ನಾಯಿ, ಕನಪಡವು. ದೂಕೊದ್ದು.’ ಇಷ್ಟು ಸಾಕು. ಜೊತೆಗೆ ಈ ಜಾಗದಲ್ಲಿ ಯಾವ ವರ್ಷ ಎಷ್ಟು ಮಂದಿ ಹೋದರು ಅನ್ನುವ ಅಂಕಿ, ಮತ್ತು ಅಂಬಿಗರ ಮನೆ ಎಲ್ಲಿದೆ ಅನ್ನೋದಕ್ಕೆ ಒಂದು ಬಾಣದ ಗುರುತು. ಬಣ್ಣ ಮತ್ತು ಕುಂಚ ಅಲ್ಲಿಯ ಗ್ರಾಮ ಪಂಚಾಯ್ತಿಯವರು ಕೊಟ್ಟರೆ ಎರಡೂ ಭಾಷೆಯಲ್ಲಿ ಬರೆಯೋದಕ್ಕೆ ನಾನೇ ಬರ್ತೀನಿ, ಕೂಲಿ ಬೇಡ. ಮೆಣಸಿನಕಾಯಿ ಬಿಡಿಸೋದು ಮುಗಿಯಲಿ, ಅಷ್ಟೆ.